ಬೋಜಪ್ಪಣ್ಣನ ಸ್ಕ್ರೀನಿಗೆ ಬಿದ್ದ ಗಂಧದ ಬೊಟ್ಟು

ಅರಂತೋಡಿನ ಬೋಜಪ್ಪಣ್ಣನನ್ನು ಹಿಂದಿನಿಂದ ಯಾರಾದರೂ ಕರೆದರೆ ಅವರು ತಲೆ ತಿರುಗಿಸುವುದಿಲ್ಲ. ಮೊದಲು ಬಲಗಾಲು ಒಂದು ಹೆಜ್ಜೆ ಪಕ್ಕಕ್ಕೆ ಹೋಗುತ್ತದೆ. ಅದರ ಹಿಂದೆ ಸೊಂಟ, ಸೊಂಟದ ಹಿಂದೆ ಹೆಗಲು, ಎಲ್ಲ ಆದ ಮೇಲೆ ಮುಖ ಬರುತ್ತದೆ. ಅಷ್ಟರಲ್ಲಿ ಕರೆದವರು ಹೋಗಿಯಾಗಿರುತ್ತದೆ.

"ನಿಮ್ಮ ಟ್ರೈಲರಾದರೂ ಇದಕ್ಕಿಂತ ಬೇಗ ಯೂ ಟರ್ನ್ ಹೊಡೀತದೆ ಬೋಜಪ್ಪಣ್ಣ" ಎಂದು ಬೀಫಾತುಮ್ಮ ಹೇಳುವುದು ಇದಕ್ಕೇ. ಬೀಫಾತುಮ್ಮ ಗುಂಡ್ಯದಲ್ಲಿ, ಲಾರಿ ಯಾರ್ಡಿನ ಗೋಡೆಗೆ ತಾಗಿಕೊಂಡು ಚಹಾದಂಗಡಿ ನಡೆಸುವ ಅರವತ್ತರ ಹೆಂಗಸು. ಅವರ ಚಹಾಕ್ಕಿಂತ ನಾಲಿಗೆ ಬಿಸಿ.

ಬೋಜಪ್ಪಣ್ಣನಿಗೆ ಐವತ್ತೇಳು. ಅದರಲ್ಲಿ ಮೂವತ್ತು ವರ್ಷ ಕಳೆದದ್ದು ಸ್ಟೇರಿಂಗಿನ ಹಿಂದೆ. ಬಂದರಿನಿಂದ ಸಾಮಾನು ತುಂಬಿದ ಟ್ರೈಲರನ್ನು ಒಂದು ಗಾಡಿ ಗುಂಡ್ಯದವರೆಗೆ ಎಳೆದು ತಂದು, ಯಾರ್ಡಿನಲ್ಲಿ ಅದರ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿ ಹೋಗುತ್ತದೆ. ಅಲ್ಲಿಂದ ಶಿರಾಡಿ ಘಾಟಿ ಹತ್ತಿಸಿ ಹಾಸನಕ್ಕೆ ಮುಟ್ಟಿಸುವುದು ಬೋಜಪ್ಪಣ್ಣನ ಕೆಲಸ. ಎಳೆಯುವ ಗಾಡಿಗೆ ಡ್ರೈವರುಗಳು ಹಾರ್ಸ್ ಎನ್ನುತ್ತಾರೆ. ಅದರ ಬೆನ್ನ ಮೇಲೆ ಗ್ರೀಸ್ ಬಳಿದ ದೊಡ್ಡ ಕಬ್ಬಿಣದ ತಟ್ಟೆ ಒಂದಿದೆ. ಹೆಸರು ಫಿಫ್ತ್ ವೀಲ್, ಅಂದರೆ ಐದನೆಯ ಚಕ್ರ. ಅದು ನೆಲ ಮುಟ್ಟುವುದಿಲ್ಲ, ಉರುಳುವುದೂ ಇಲ್ಲ. ಹೆಸರಿಟ್ಟವರು ಲಾರಿ ನೋಡಿದ್ದರೋ ಇಲ್ಲವೋ ಗೊತ್ತಿಲ್ಲ. ತಟ್ಟೆಯ ಹಿಂದುಗಡೆ ಒಂದು ಸೀಳು ಇದೆ. ಟ್ರೈಲರಿನ ಹೊಟ್ಟೆಯಡಿಯಲ್ಲಿ ಕಿಂಗ್ ಪಿನ್ ಎಂಬ ದಪ್ಪ ಗೂಟ ನೇತಾಡುತ್ತಿರುತ್ತದೆ. ಹಾರ್ಸನ್ನು ಹಿಂದಕ್ಕೆ ತಂದು, ಆ ಗೂಟ ಸರಿಯಾಗಿ ಸೀಳಿನೊಳಗೆ ಹೋಗುವಂತೆ ಮಾಡಬೇಕು. ಹೋದರೆ "ಠಣ್" ಎಂದು ಬೀಗ ಬೀಳುತ್ತದೆ. ಒಂದು ಗೇಣು ತಪ್ಪಿದರೆ ತಟ್ಟೆಯ ಅಂಚಿಗೆ ಬಡಿದು ಇಡೀ ಟ್ರೈಲರ್ ನಡುಗುತ್ತದೆ, ಯಾರ್ಡಿನ ಕಾಗೆಗಳೆಲ್ಲ ಎದ್ದು ಹಾರುತ್ತವೆ.

ಬೋಜಪ್ಪಣ್ಣ ಕಾಗೆ ಹಾರಿಸಿದವರಲ್ಲ. ಬಾಗಿಲು ತೆರೆದು, ಅರ್ಧ ಮೈ ಹೊರಗೆ ಹಾಕಿ, ಕತ್ತು ಹಿಂದಕ್ಕೆ ತಿರುಗಿಸಿ ಒಂದೇ ಏಟಿಗೆ ಠಣ್ ಎನಿಸುತ್ತಿದ್ದರು. ಹಾಗೆ ಮೂವತ್ತು ವರ್ಷ ತಿರುಗಿದ ಕತ್ತು, ಹೋದ ಮಳೆಗಾಲದಲ್ಲಿ ಇನ್ನು ಸಾಕು ಎಂದಿತು. ಸುಳ್ಯದ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆ ಸವೆದಿದೆ ಎಂದು ಹೇಳಿ ಕುತ್ತಿಗೆಗೆ ಹಾಕುವ ಬೆಲ್ಟು ಬರೆದುಕೊಟ್ಟರು. ಬೋಜಪ್ಪಣ್ಣ ಅದನ್ನು ಒಂದು ದಿನ ಹಾಕಿದರು. ಯಾರ್ಡಿನವರು ಒಬ್ಬರಾದ ಮೇಲೆ ಒಬ್ಬರು ಬಂದು "ಯಾವ ಕೋರ್ಟಿನಲ್ಲಿ ಕೇಸು ವಕೀಲ್ರೇ?" ಎಂದು ಕೇಳಿದರು. ಮರುದಿನದಿಂದ ಆ ಬೆಲ್ಟು ಕ್ಯಾಬಿನಿನಲ್ಲಿ ಚಹಾದ ಫ್ಲಾಸ್ಕು ಬೀಳದಂತೆ ಹಿಡಿದುಕೊಳ್ಳುವ ಕೆಲಸಕ್ಕೆ ಸೇರಿತು.

ಮುಂದೆ ಓಡಿಸಲು ಏನೂ ತೊಂದರೆ ಇರಲಿಲ್ಲ. ಕಣ್ಣು ಚೆನ್ನಾಗಿತ್ತು, ಎರಡು ಕನ್ನಡಿಗಳಿದ್ದವು. ಆದರೆ ತಟ್ಟೆ ಮತ್ತು ಗೂಟ ಕನ್ನಡಿಯಲ್ಲಿ ಕಾಣುವುದಿಲ್ಲ. ಅಲ್ಲಿಗೆ ಬೀಫಾತುಮ್ಮನ ಕಣ್ಣು ಬೇಕಾಯಿತು. ಅವರು ಕೈಯಲ್ಲಿ ಚಹಾ ಸೋಸುವ ಜರಡಿ ಹಿಡಿದು ಹಾರ್ಸಿನ ಹಿಂದೆ ನಿಂತು ಕೂಗುತ್ತಿದ್ದರು. ಯಾರ್ಡಿನ ಒಂದು ಬದಿ ಹೊಳೆ, ಇನ್ನೊಂದು ಬದಿ ರಸ್ತೆ; ಎಡ, ಬಲ ಎನ್ನುವ ಮಾತೇ ಇಲ್ಲ. ಅವರ ಎಡ ಬೋಜಪ್ಪಣ್ಣನ ಬಲವಾಗಿ ಒಮ್ಮೆ ಗೋಡೆ ಬಿದ್ದ ಮೇಲೆ ಇಬ್ಬರೂ ಸೇರಿ ಮಾಡಿಕೊಂಡ ಒಪ್ಪಂದ ಅದು.

"ಬರ್ಲಿ, ಬರ್ಲಿ... ಹೊಳೆ ಕಡೆ! ಹೊಳೆ ಕಡೆ ಅಂದೆ! ಇನ್ನು ಸ್ವಲ್ಪ ರಸ್ತೆ ಕಡೆ... ಹಾಂ, ಹಾಗೆ ಬರ್ಲಿ!"

ಠಣ್. ಕತ್ತು ತಿರುಗದ ಸಂಗತಿ ಮಾಲೀಕರಿಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದು ಬೋಜಪ್ಪಣ್ಣ ತಿಳಿದುಕೊಂಡಿದ್ದರು.

ಗಣೇಶ ಚೌತಿ ಕಳೆದ ಮೇಲೆ ಗಾಡಿಗಳ ಮಾಲೀಕ ಸಾಬಿತ್ ಆರೂ ಹಾರ್ಸ್‌ಗಳಿಗೆ ಕ್ಯಾಮೆರಾ ಹಾಕಿಸಿದರು. ಕ್ಯಾಬಿನಿನ ಬೆನ್ನಿಗೆ ಒಂದು ಕ್ಯಾಮೆರಾ, ಡ್ರೈವರಿನ ಎದುರು ಒಂದು ಸ್ಕ್ರೀನು. ಜೊತೆಗೆ ರೂಪೇಶ ಎಂಬ ಹೊಸ ಸೂಪರ್‌ವೈಸರ್ ಬಂದ. ಸುಳ್ಯದಲ್ಲಿ ಎಂಜಿನಿಯರಿಂಗ್ ಓದಿದವನು, ಅಂಗಿಯ ಕಿಸೆಯಲ್ಲಿ ಯಾವಾಗಲೂ ಮೂರು ಪೆನ್ನು. ಬಂದ ವಾರವೇ ನಿಯಮ ಹಾಕಿದ: ಗಾಡಿ ಹಿಂದಕ್ಕೆ ಬರುವಾಗ ಯಾರ್ಡಿನಲ್ಲಿ ಯಾರೂ ನಿಲ್ಲಬಾರದು. ಪ್ರತಿ ಡ್ರೈವರೂ ಕ್ಯಾಮೆರಾ ನೋಡಿಯೇ ಟ್ರೈಲರ್ ಜೋಡಿಸಬೇಕು. ನವರಾತ್ರಿ ಕಳೆದ ಸೋಮವಾರ ಪರೀಕ್ಷೆ, ಮೂರು ಸಲ ಅವಕಾಶ. ಆಗದವರಿಗೆ ಗೇಟಿನ ಬಳಿ ಒಂದು ಕುರ್ಚಿ ಇದೆ. ಬರುವ ಹೋಗುವ ಗಾಡಿಗಳ ನಂಬರು ಬರೆದುಕೊಂಡು ಕೂರಬಹುದು.

ಬೋಜಪ್ಪಣ್ಣ ಆ ಕುರ್ಚಿಯನ್ನು ಹೋಗಿ ನೋಡಿ ಬಂದರು. ನೀಲಿ ಪ್ಲಾಸ್ಟಿಕ್ಕು, ಒಂದು ಕಾಲಿಗೆ ತಂತಿ ಸುತ್ತಿತ್ತು. ಅವತ್ತು ಅವರು ಎರಡನೆಯ ಚಹಾ ಕುಡಿಯಲಿಲ್ಲ.

ಅಭ್ಯಾಸವೇನೋ ಮಾಡಿದರು. ಸ್ಕ್ರೀನಿನಲ್ಲಿ ಕೆಂಪು, ಹಳದಿ, ಹಸಿರು ಗೆರೆಗಳು ಬರುತ್ತಿದ್ದವು. ಗೂಟ ಕೆಂಪು ಗೆರೆಗಳ ನಡುವೆ ಬರಬೇಕು ಎಂದು ರೂಪೇಶ ಹೇಳಿಕೊಟ್ಟಿದ್ದ. ಬೇರೆ ಡ್ರೈವರುಗಳು ಗೆರೆ ನೋಡಿದ ಹಾಗೆ ಮಾಡಿ, ಕತ್ತು ಹೊರಗೆ ಹಾಕಿಯೇ ಜೋಡಿಸುತ್ತಿದ್ದರು. ಬೋಜಪ್ಪಣ್ಣ ಒಂದು ಕೂದಲು ಆಚೀಚೆ ಆಗದಂತೆ ನಡುವೆ ತಂದರು. ಧಡ್! ಕಾಗೆಗಳು ಹಾರಿದವು. ಮತ್ತೆ ತಂದರು. ಮತ್ತೆ ಕಾಗೆ. ಮೂರನೆಯ ಸಲ ಕಾಗೆಗಳು ಬಡಿಯುವ ಮೊದಲೇ ಎದ್ದವು.

"ಗೆರೆ ಸರಿ ಉಂಟು, ಗೂಟ ಸರಿ ಉಂಟು. ನಾನೇ ಹಾಳಾದದ್ದಾ ಹಾಗಾದರೆ?" ಎಂದು ಬೀಫಾತುಮ್ಮನ ಬೆಂಚಿನ ಮೇಲೆ ಕೂತು ಕೇಳಿದರು.

"ನೀವು ಹಾಳಾಗಿ ಎಷ್ಟೋ ವರ್ಷ ಆಯ್ತು. ಇದು ಬೇರೆ ಎಂತದೋ" ಎಂದರು ಬೀಫಾತುಮ್ಮ.

ಆಯುಧ ಪೂಜೆ ಗುರುವಾರ ಬಂತು. ರೂಪೇಶ ರಜೆಯಲ್ಲಿದ್ದ. ಬೋಜಪ್ಪಣ್ಣ ಹಳೆಯ ದಾರಿ ಹಿಡಿದರು: ಬೀಫಾತುಮ್ಮ ಹಿಂದೆ ನಿಂತರು, ಹೊಳೆ ಕಡೆ, ರಸ್ತೆ ಕಡೆ ಎಂದು ಕೂಗಿದರು, ಗೂಟ ಸೀಳಿನ ಬಾಯಿಗೆ ನೇರವಾಗಿ ಬಂದು ಇನ್ನೊಂದು ಮೊಳ ಉಳಿಯಿತು. ಆಗ ಯಾರ್ಡಿನ ಬಾಗಿಲಿನಿಂದ ಒಂದು ಕೂಗು ಕೇಳಿತು.

"ನಿಲ್ಲಿ! ನಿಲ್ಸಿ ಅಲ್ಲೇ!"

ಬೋಜಪ್ಪಣ್ಣನ ಹೆಂಡತಿ ಲೋಲಾಕ್ಷಿ. ಬಸ್ಸು ಬದಲಿಸಿ ಬದಲಿಸಿ, ಕಂಕುಳಲ್ಲಿ ಹೂವಿನ ಬುಟ್ಟಿ ಹಿಡಿದು ಪ್ರತಿವರ್ಷ ಬರುವವರು. ಗಂಡ ಪೂಜೆ ಮಾಡಿಸುತ್ತಾರೆ ಎಂಬುದರಲ್ಲಿ ಅವರಿಗೆ ನಂಬಿಕೆ ಇಲ್ಲ. ಮೂವತ್ತು ವರ್ಷದಲ್ಲಿ ಬೋಜಪ್ಪಣ್ಣ ಕೈ ಮುಗಿದದ್ದು ಚೆಕ್‌ಪೋಸ್ಟಿನಲ್ಲಿ ಮಾತ್ರ.

"ಜೋಡಿಸಿದ ಮೇಲೆ ಪೂಜೆ ಮಾಡಿದರೆ ಒಂದೇ ಗಾಡಿ ಅಂತ ಒಂದೇ ತೆಂಗಿನಕಾಯಿ ಒಡೀತೀರಿ ನೀವು. ಹೋದ ವರ್ಷ ಅದೇ ಮಾಡಿದ್ದು, ಅದಕ್ಕೇ ಕುತ್ತಿಗೆ ಹಿಡಿದದ್ದು. ಎರಡು ಗಾಡಿ, ಎರಡು ಕಾಯಿ. ಹಾಗೇ ಇರ್ಲಿ" ಎಂದು ಲೋಲಾಕ್ಷಿ ಸೆರಗು ಕಟ್ಟಿ ಕ್ಯಾಬಿನ್ ಹತ್ತಿದರು.

ಅವರ ಕೈಯಿಂದ ತಪ್ಪಿಸಿಕೊಂಡ ವಸ್ತು ಇರಲಿಲ್ಲ. ಸ್ಟೇರಿಂಗಿಗೆ ಬೊಟ್ಟು, ಗೇರಿಗೆ ಬೊಟ್ಟು, ಹಾರನ್ನಿಗೆ ಬೊಟ್ಟು, ಫ್ಲಾಸ್ಕಿಗೂ ಬೊಟ್ಟು. ಸ್ಕ್ರೀನಿನ ಎದುರು ಕೈ ನಿಂತಿತು.

"ಇದೆಂತ? ಗರ್ಭಗುಡಿಯಲ್ಲಿ ಎಣ್ಣೆ ಹಚ್ಚಿ ಕೂರಿಸಿದ ಹಾಗೆ ಕಪ್ಪಗೆ ಎಂತದೋ ಕಾಣ್ತದಲ್ಲ?"

"ಅದು ಕಿಂಗ್ ಪಿನ್ನು. ಗ್ರೀಸ್ ಹಚ್ಚಿದ್ದು."

"ಹೆಸರಿನಲ್ಲಿ ಎಂತ ಉಂಟು" ಎಂದು ಲೋಲಾಕ್ಷಿ ಸ್ಕ್ರೀನಿನಲ್ಲಿ ಕಾಣುತ್ತಿದ್ದ ಆ ಗೂಟದ ನೆತ್ತಿಗೆ ಸರಿಯಾಗಿ ಗಂಧದ ಬೊಟ್ಟಿಟ್ಟು, ಅದರ ಮೇಲೆ ಚಿಟಿಕೆ ಕುಂಕುಮ ಹಚ್ಚಿದರು. ಮತ್ತೆ ಇಳಿದು ಹಿಂದೆ ಹೋದರು. ಎರಡು ನಿಮಿಷದಲ್ಲಿ ಸ್ಕ್ರೀನು ಪೂರ್ತಿ ಹಳದಿಯಾಯಿತು. ಬೋಜಪ್ಪಣ್ಣ ಇಳಿದು ನೋಡಿದರೆ ಕ್ಯಾಮೆರಾದ ಕಣ್ಣಿಗೆ ಮೂರು ಬೆರಳಿನ ಗಂಧ ಮೆತ್ತಿತ್ತು.

"ಎಂತ ಮಾಡಿದ್ದು ಮಾರಾಯ್ತಿ? ಕಣ್ಣಿಗೇ ಗಂಧ ಮೆತ್ತಿದರೆ ಅದಕ್ಕೆ ಕಾಣುದು ಹೇಗೆ?"

"ಇಷ್ಟು ದಿನ ತೆರೆದುಕೊಂಡಿತ್ತಲ್ಲ, ಎಂತ ಕಂಡಿತು ಅದಕ್ಕೆ? ದಿನಾ ಧಡ್ ಧಡ್ ಮಾಡ್ತಾರೆ ಅಂತ ಬೀಫಾತುಮ್ಮ ಫೋನಿನಲ್ಲಿ ಹೇಳಿದ್ದಾರೆ ನನಗೆ."

ಬೋಜಪ್ಪಣ್ಣ ನಿಧಾನವಾಗಿ, ಮೈ ಪೂರ್ತಿ ತಿರುಗಿಸಿ, ಬೀಫಾತುಮ್ಮನನ್ನು ನೋಡಿದರು. ಅವರು ಜರಡಿ ತೊಳೆಯುವುದರಲ್ಲಿ ಬಹಳ ಮಗ್ನರಾಗಿದ್ದರು.

ಕ್ಯಾಮೆರಾದ ಕಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದಾಯಿತು. ಸ್ಕ್ರೀನಿನ ಬೊಟ್ಟನ್ನು ಒರೆಸಲು ಮಾತ್ರ ಧೈರ್ಯ ಬರಲಿಲ್ಲ. ಲೋಲಾಕ್ಷಿ ಇನ್ನೂ ಅಲ್ಲೇ ಇದ್ದರು. ಕಾಯಿ ಎರಡೂ ಒಡೆದ ಮೇಲೆ ಬೋಜಪ್ಪಣ್ಣ ಹಾರ್ಸನ್ನು ಉಳಿದ ಒಂದು ಮೊಳ ಹಿಂದಕ್ಕೆ ಬಿಟ್ಟರು. ಬೊಟ್ಟಿನ ಅಡಿಯಲ್ಲೇ ಗೂಟ ದೊಡ್ಡದಾಗುತ್ತ ಬಂದು ಸೀಳಿನೊಳಗೆ ಮಾಯವಾಯಿತು. ಠಣ್.

ಮರುದಿನ ಟ್ರೈಲರ್ ಬಿಡಿಸಿ, ದೂರ ಹೋಗಿ, ಯಾರನ್ನೂ ಕರೆಯದೆ ಹಿಂದಕ್ಕೆ ಬಂದರು. ಗೆರೆಗಳನ್ನು ಬಿಟ್ಟು ಬೊಟ್ಟನ್ನು ನೋಡಿದರು. ಗೂಟವನ್ನು ಬೊಟ್ಟಿನ ಅಡಿಗೆ ತಂದು ಹಾಗೇ ಹಿಂದಕ್ಕೆ ಬಿಟ್ಟರು. ಠಣ್. ಒಂದು ಕಾಗೆಯೂ ಏಳಲಿಲ್ಲ.

"ಲೋಲಾಕ್ಷಿಯ ಕೈಗುಣ" ಎಂದರು ಬೀಫಾತುಮ್ಮ.

"ಕೈಗುಣ ಅಲ್ಲ, ಕೇಳಿ" ಎಂದು ಬೋಜಪ್ಪಣ್ಣ ಬಿಸ್ಕುಟನ್ನು ಬೆಂಚಿನ ಮೇಲಿಟ್ಟು ವಿವರಿಸಿದರು. "ತಟ್ಟೆ ಇರುದು ನನ್ನ ಗಾಡಿಯಲ್ಲಿ. ಕ್ಯಾಮೆರಾ ಇರುದೂ ನನ್ನ ಗಾಡಿಯಲ್ಲಿ. ನಾನು ಎಲ್ಲಿ ಹೋದರೂ ಎರಡೂ ಒಟ್ಟಿಗೆ ಬರ್ತವೆ. ಹಾಗಾಗಿ ಸ್ಕ್ರೀನಿನಲ್ಲಿ ಸೀಳಿನ ಜಾಗ ಯಾವಾಗಲೂ ಒಂದೇ. ಅವಳು ಬೊಟ್ಟಿಟ್ಟದ್ದು ನೀವು ನೇರ ಮಾಡಿ ನಿಲ್ಲಿಸಿದಾಗ. ಸರಿಯಾದ ಜಾಗ ಅದೇ. ಗೆರೆ ಕಾರಿನ ಕ್ಯಾಮೆರಾಕ್ಕೆ ಅಂತ ಮಾಡಿದ್ದು, ಅವು ಸ್ಕ್ರೀನಿನ ನಡುವೆ ಬರ್ತವೆ. ಕ್ಯಾಮೆರಾ ನಡುವೆ ಇಲ್ಲವೇ ಇಲ್ಲ! ಬ್ರೇಕಿನ ಗಾಳಿ ಪೈಪು ಅಡ್ಡ ಬಂತು ಅಂತ ಒಂದು ಗೇಣು ಹೊಳೆ ಕಡೆ ಹಾಕಿದ್ದಾರೆ."

"ಅಂದರೆ ಹಾಳಾದದ್ದು ನೀವಲ್ಲ."

"ಅಲ್ಲ."

"ಪಾಪ, ಆ ಸಂತೋಷದಲ್ಲಿ ನನ್ನ ಬಿಸ್ಕುಟನ್ನು ಇರುವೆಗೆ ಕೊಟ್ಟಿರಿ."

ಸೋಮವಾರ ಬೆಳಿಗ್ಗೆ ಸಾಬಿತ್ ಸಾವ್ಕಾರರು ಅದೇ ನೀಲಿ ಕುರ್ಚಿಯನ್ನು ತರಿಸಿ ಯಾರ್ಡಿನ ಅಂಚಿನಲ್ಲಿ ಕೂತರು. ಬೀಫಾತುಮ್ಮ ಗೋಡೆಯಾಚೆ ಬೆಂಚಿನ ಮೇಲೆ ಹತ್ತಿ ನಿಂತಿದ್ದರು. ಕೈಗಳು ತಾವಾಗಿ ಸನ್ನೆ ಮಾಡಬಾರದೆಂದು ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ರೂಪೇಶ ಕಾಗದ ಹಿಡಿದು ಬೋಜಪ್ಪಣ್ಣನ ಪಕ್ಕದ ಸೀಟಿಗೆ ಹತ್ತಿದ. ಸ್ಕ್ರೀನು ನೋಡಿ ಮುಖ ಸಿಂಡರಿಸಿದ.

"ಎಂತ ಬೋಜಪ್ಪಣ್ಣ, ಇಷ್ಟು ಕೊಳಕು ಇಟ್ಟಿದ್ದೀರಿ?" ಎಂದು ಕರ್ಚೀಫು ತೆಗೆದು ಒರೆಸಲು ಶುರುಮಾಡಿದ. ಅಂಚಿನ ಧೂಳು ಹೋಯಿತು. ಒಣಗಿದ ಗಂಧ ಚಕ್ಕೆಯಾಗಿ ಉದುರಿತು. ಬೋಜಪ್ಪಣ್ಣ ಅವನ ಮಣಿಕಟ್ಟನ್ನು ಹಿಡಿದಾಗ ಉಳಿದದ್ದು ತೊಗರಿಬೇಳೆಯಷ್ಟು ಕುಂಕುಮದ ಕಲೆ.

"ದೇವರದ್ದು ಮಾರಾಯ! ಒರೆಸುದಾ ಅದನ್ನು?"

"ನೀವು ಯಾವಾಗಿನಿಂದ ಭಕ್ತರು?"

"ಮೊನ್ನೆ ಗುರುವಾರದಿಂದ."

ಕೆಳಗಿನಿಂದ ಸಾವ್ಕಾರರ ಧ್ವನಿ ಬಂತು. "ಏ ರೂಪೇಶ, ಪೂಜೆಯದ್ದನ್ನು ಮುಟ್ಟಬೇಡ. ನನ್ನ ಗಾಡಿಗೆ ಅವರ ಮನೆಯವರು ಬಂದು ಮಾಡಿ ಹೋದದ್ದು ಅದು."

ಕರ್ಚೀಫು ಕಿಸೆಗೆ ಹೋಯಿತು. ಬೋಜಪ್ಪಣ್ಣ ಗೇರು ಹಾಕಿದರು. ಆ ತೊಗರಿಬೇಳೆ ಅವರಿಗೆ ಸಾಕಿತ್ತೋ ಇಲ್ಲವೋ, ಅವರಿಗೂ ಗೊತ್ತಿರಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಗೂಟವನ್ನು ಅದರ ಅಡಿಗೆ ಎಳೆದರು.

"ಗೆರೆ ನೋಡಿ, ಗೆರೆ! ಹೊರಗೆ ಹೋಗ್ತಾ ಉಂಟು" ಎಂದ ರೂಪೇಶ.

"ಹೋಗ್ಲಿ."

"ಬಡೀತದೆ ಬೋಜಪ್ಪಣ್ಣ!"

"ಬಡಿದರೆ ಕುರ್ಚಿ ಉಂಟಲ್ಲ."

ಗೋಡೆಯಾಚೆ ಬೀಫಾತುಮ್ಮ ಕಣ್ಣು ಮುಚ್ಚಿಕೊಂಡರು. ಕಾಗೆಗಳು ಕುತ್ತಿಗೆ ಎತ್ತಿ ಕಾದವು.

ಠಣ್.

ಬೋಜಪ್ಪಣ್ಣ ಮೊದಲ ಗೇರಿನಲ್ಲಿ ಮುಂದಕ್ಕೆ ಎಳೆದು ನೋಡಿದರು. ಬೀಗ ಗಟ್ಟಿಯಾಗಿ ಬಿದ್ದಿತ್ತು. ಬಿಡಿಸಿ ಎರಡನೆಯ ಸಲ ಬಂದರು, ಠಣ್. ಮೂರನೆಯ ಸಲ ಸಾವ್ಕಾರರೇ ಬೇಡ ಎಂದು ಕೈ ಆಡಿಸಿದರು. ಮತ್ತೆ ರೂಪೇಶನನ್ನು ಕರೆದು, ಪಕ್ಕದ ಹಾರ್ಸನ್ನು ಗೆರೆ ನೋಡಿ ಜೋಡಿಸಿ ತೋರಿಸು ಎಂದರು. ರೂಪೇಶ ಗೆರೆಗಳ ನಡುವೆ ಬಹಳ ಚೆಂದವಾಗಿ ತಂದ. ಧಡ್! ಯಾರ್ಡಿನ ಅಷ್ಟೂ ಕಾಗೆಗಳು ಒಟ್ಟಿಗೆ ಹಾರಿದವು. ಅವನು ಇಳಿದು, ಕ್ಯಾಬಿನಿನ ಹಿಂದೆ ಹೋಗಿ, ಕ್ಯಾಮೆರಾದಿಂದ ನಡುವಿನವರೆಗೆ ಕೈಯಿಂದ ಗೇಣು ಹಾಕಿ ಅಳೆದ. ಮೂರು ಪೆನ್ನುಗಳಲ್ಲಿ ಒಂದೂ ಕಿಸೆಯಿಂದ ಹೊರಗೆ ಬರಲಿಲ್ಲ.

"ಇಳಿಯಿರಿ ಬೋಜಪ್ಪಣ್ಣ" ಎಂದರು ಸಾವ್ಕಾರರು. ಇಳಿದ ಮೇಲೆ ಕೇಳಿದರು, "ಕತ್ತು ಹೇಗುಂಟು?"

"ಯಾವ ಕತ್ತು?"

"ನನ್ನ ಒಂದು ಸಲಾಮಿಗೆ ನೀವು ಇಡೀ ಮೈ ತಿರುಗಿಸುದು ನಾನು ನೋಡುದಿಲ್ಲವಾ? ಕುರ್ಚಿ ಇಟ್ಟದ್ದೇ ನಿಮಗೆ ಅಂತ. ಆರಾಮದಲ್ಲಿ ಕೂರ್ಲಿ ಅಂತ."

ಬೋಜಪ್ಪಣ್ಣ ಸಾವ್ಕಾರರನ್ನು ನೋಡಿದರು. ಕುರ್ಚಿಯನ್ನು ನೋಡಿದರು. ಗೇಟನ್ನು ನೋಡಿದರು, ಅದಕ್ಕೆ ಸೊಂಟದಿಂದ ತಿರುಗಬೇಕಾಯಿತು.

"ಸಾವ್ಕಾರ್ರೆ, ಗೇಟಿನಲ್ಲಿ ಕೂತವನಿಗೆ ಬರುವ ಕಡೆಗೂ ಕತ್ತು ತಿರುಗಬೇಕು, ಹೋಗುವ ಕಡೆಗೂ ತಿರುಗಬೇಕು. ಘಾಟಿಯಲ್ಲಿ ಮುಂದೆ ನೋಡಿದರೆ ಆಯ್ತು. ಕತ್ತು ಇಲ್ಲದವನಿಗೆ ಸರಿಯಾದ ಕೆಲಸ ಇದು."

ಸಾವ್ಕಾರರು ಎಷ್ಟು ನಕ್ಕರೆಂದರೆ ಕುರ್ಚಿಯ ತಂತಿ ಬಿಚ್ಚಿಹೋಯಿತು. ಗಾಡಿ ಬೋಜಪ್ಪಣ್ಣನ ಕೈಯಲ್ಲೇ ಉಳಿಯಿತು. ಒಂದೇ ಷರತ್ತು: ಕುತ್ತಿಗೆಗೆ ಬೆಲ್ಟು ಹಾಕಬೇಕು, ತಿಂಗಳಿಗೊಮ್ಮೆ ಸುಳ್ಯದ ಡಾಕ್ಟರಿಗೆ ತೋರಿಸಬೇಕು.

ಉಳಿದ ಐದು ಗಾಡಿಗಳಿಗೂ ಬೊಟ್ಟಿಡಲು ಮುಂದಿನ ಭಾನುವಾರ ಲೋಲಾಕ್ಷಿಯವರನ್ನೇ ಕರೆಸಿದರು. ಮಾರ್ಕರಿನಲ್ಲಿ ಚುಕ್ಕೆ ಹಾಕಿದರೆ ಸಾಕು ಎಂದು ರೂಪೇಶ ಹೇಳಿ ನೋಡಿದ. ಲೋಲಾಕ್ಷಿ ಅವನ ಕೈಗೆ ಗಂಧದ ಬಟ್ಟಲು ಕೊಟ್ಟು ಹಿಂದೆ ಹಿಂದೆ ಬರಲು ಹೇಳಿದರು. ಒಂದೊಂದು ಹಾರ್ಸನ್ನೂ ಬೀಫಾತುಮ್ಮ ಹೊಳೆ ಕಡೆ, ರಸ್ತೆ ಕಡೆ ಎಂದು ಕೂಗಿ ನೇರ ಮಾಡಿಸಿದರು. ಐದು ಹಾರ್ಸು, ಐದು ಟ್ರೈಲರು, ಹತ್ತು ಕಾಯಿ. ರೂಪೇಶ ಒಂದನ್ನೂ ಕಡಿಮೆ ಮಾಡಿಸಲಾರದೆ ಹೋದ.

ಎಲ್ಲ ಮುಗಿದ ಮೇಲೆ ಬಟ್ಟಲಿನಲ್ಲಿ ಒಂದು ಬೆರಳಿನಷ್ಟು ಗಂಧ ಉಳಿಯಿತು. ಲೋಲಾಕ್ಷಿ ಸುತ್ತ ನೋಡಿದರು. ಬೋಜಪ್ಪಣ್ಣ ಕುತ್ತಿಗೆಗೆ ಬೆಲ್ಟು ಹಾಕಿ, ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂದು ತಿಳಿಯದೆ, ಚಹಾ ಕುಡಿಯುತ್ತ ನಿಂತಿದ್ದರು. ತಿರುಗಿ ಮುಗಿಯುವಷ್ಟರಲ್ಲಿ ಬೆಲ್ಟಿನ ನಟ್ಟನಡುವೆ ಬೊಟ್ಟು ಬಿದ್ದಾಗಿತ್ತು.

"ಇದಕ್ಕೆ ಯಾಕೆ?" ಎಂದರು.

"ಇದೂ ಸಾಮಾನೇ ಅಲ್ವಾ? ಇನ್ನು ಇದರಲ್ಲಿ ಫ್ಲಾಸ್ಕು ಸಿಕ್ಕಿಸಿ ನೋಡಿ, ಗೊತ್ತಾಗ್ತದೆ" ಎಂದರು ಲೋಲಾಕ್ಷಿ.