ಲ್ಯಾಂಗ್ವಿಡ್ ಆದ ಸೊಸೆ

ರೋಗವೇ ಇಲ್ಲದೆ ನೀವೆಂದಾದರೂ ಔಷಧ ಬರೆಸಿಕೊಂಡಿದ್ದೀರಾ? ನಾನು ಬರೆಸಿಕೊಂಡಿದ್ದೇನೆ, ಅದೂ ಇಂಗ್ಲಿಷಿನಲ್ಲಿ!

ಬ್ರಿಟಿಷರ ಕಾಲ. ನನ್ನನ್ನು ಕೊಟ್ಟ ಊರಾದ ಗೋಕಾಕದ ದವಾಖಾನೆಯಲ್ಲಿ ಒಬ್ಬ ಕಂಪೌಂಡರ್ ಇದ್ದರು. ಚೀಟಿ ಬರೆಯುವಾಗ ಚಷ್ಮಾ ಹಣೆಗೇರಿಸಿ, "ನಾ ಸುಳ್ಳ ಬರ್ಯಾಂವಲ್ಲ" ಎನ್ನುತ್ತಿದ್ದರು.

ಆ ವರ್ಷ ಹೆಣ್ಮಕ್ಕಳು ಜೋಕಾಲಿ ಆಡುವ ನಾಗರ ಪಂಚಮಿಗೆ ಅಂಕಲಗಿಯ ತವರಿಗೆ ಹೋಗುವುದು ಬೇಡ ಎಂದರು ಅತ್ತೆ. ನನಗೆ ಊಟ ರುಚಿಸಲಿಲ್ಲ, ಗೋಡೆಗೊರಗಿ ಕೂತೇ ಇದ್ದೆ. ಮೂರನೆಯ ದಿನ ಅತ್ತೆಯೇ ಹೆದರಿ ದವಾಖಾನೆಗೆ ಕರೆದೊಯ್ದರು.

ಕಂಪೌಂಡರ್ ನಾಡಿ ಹಿಡಿದು, "ತವರು ಯಾವೂರವ್ವಾ?" ಎಂದರು.

"ಅಂಕಲಗಿ ರೀ" ಎನ್ನುವಾಗ ನನ್ನ ಕಣ್ಣು ತುಂಬಿತು.

ಅವರು ಚಷ್ಮಾ ಏರಿಸಿ ಬರೆದು, ಗಟ್ಟಿಯಾಗಿ ಓದಿದರು: "ಲ್ಯಾಂಗ್ವಿಡ್."

"ಅಯ್ಯ, ಹಂಗಂದ್ರ ಏನ್ರಿ?" ಅತ್ತೆ ಗಾಬರಿಯಾದರು.

"ರೋಗ ಇಲ್ರಿ, ಮೈಯಾಗ ಉಮೇದಿ ಇಲ್ಲ. ಎಂಟ ದಿನ ತವರಮನಿ, ದಿನಾ ಎರಡ ಹೊತ್ತ ಜೋಕಾಲಿ."

ನನಗೆ ನಗು ಉಕ್ಕಿತು. "ನಗಬ್ಯಾಡವ್ವಾ, ನನ್ನ ಚೀಟಿ ಸುಳ್ಳ ಆಗತೈತಿ" ಎಂದು ಅವರು ಪಿಸುಗುಟ್ಟಿದರು.

ಪಂಚಮಿಯ ಮರುದಿನ ಮಕ್ಕಳಿಗೆ ದೇವಿ ಹಾಕಲು, ಅಂದರೆ ಸಿಡುಬಿನ ಸೂಜಿ ಚುಚ್ಚಲು, ಅವರು ಅಂಕಲಗಿಗೇ ಬಂದರು. ಜೋಕಾಲಿಯ ಮೇಲಿಂದ ನಾನು ಕೂಗಿದೆ: "ಕಾಕಾ, ನಾ ಇನ್ನೂ ಲ್ಯಾಂಗ್ವಿಡ್ ಅದೀನ್ರಿ!"

"ನಾ ಸುಳ್ಳ ಬರ್ಯಾಂವಲ್ಲವ್ವಾ. ನಿಂದೂ ಖರೇ ಇದ್ರ ಇಳಿ ಕೆಳಗ, ಸೂಜಿ ಕೈಯಾಗ ಐತಿ!"