ಕೊಡ್ಲಿಪೇಟೆಯಿಂದ ನಾಪೋಕ್ಲಿಗೆ, ಟಕ್ ಟಕ್ ಎನ್ನುತ್ತ

ಕಾರ್ತಿಕ ಮಾಸದ ಒಂದು ಶನಿವಾರ ಬೆಳಗ್ಗೆ ಎಂಟಕ್ಕೆ ಹೊರಡಬೇಕಾಗಿದ್ದ ನಾವು ಕೊಡ್ಲಿಪೇಟೆಯ ನಮ್ಮ ಮನೆಯ ಗೇಟು ದಾಟುವಾಗ ಒಂಬತ್ತೂವರೆ ಆಗಿತ್ತು. ತಡವಾಗಿದ್ದು ಗ್ರೈಂಡರಿನಿಂದ. ನನ್ನ ತಂಗಿ ಗೀತಾ ಮತ್ತು ಅವಳ ಗಂಡ ನಾಪೋಕ್ಲಿನ ಹತ್ತಿರ ಹೊಸ ಮನೆ ಕಟ್ಟಿಸಿದ್ದರು. ಭಾನುವಾರ ಬೆಳಗಿನ ಜಾವ ಗೃಹಪ್ರವೇಶ. ತವರಿನ ಉಡುಗೊರೆಯೆಂದು ಕೊಡಲು ತಂದಿದ್ದ ಕಲ್ಲಿನ ಗ್ರೈಂಡರನ್ನು ಗಾಡಿಗೆ ಏರಿಸಲು ಮೂರು ಜನ ಬೇಕಾದರು. ಅದರ ಪಕ್ಕಕ್ಕೆ ಎರಡು ಹಿತ್ತಾಳೆ ಕೊಳಗ, ಅರ್ಧ ಮೂಟೆ ಅಕ್ಕಿ, ಒಂದು ಬಾಳೆಗೊನೆ, ತೆಂಗಿನಕಾಯಿ ಚೀಲ. ಎಲ್ಲ ತುಂಬಿದ ಮೇಲೆ ಗಾಡಿಯ ಹಿಂಭಾಗ ನೆಲಕ್ಕೆ ಕೂತು, ಮುಂದಿನ ದೀಪಗಳು ಮಾವಿನ ಮರದ ತುದಿ ನೋಡುತ್ತಿದ್ದವು.

"ಸ್ಪ್ರಿಂಗ್ ಕೂತೋಗಿದೆ ರೀ," ಎಂದೆ.

"ಭಾರ ಹಾಕಿದ್ರೆ ಯಾವ ಗಾಡಿ ಕೂರಲ್ಲ?" ಎಂದರು ನಮ್ಮ ಯಜಮಾನರು ಲೋಕೇಶ್.

ಅದು ಏಳು ಸೀಟಿನ ದೊಡ್ಡ ಗಾಡಿ. ನಾವು ಕೊಳ್ಳುವಾಗಲೇ ಇಬ್ಬರ ಕೈ ದಾಟಿ ಬಂದಿತ್ತು. ಲೋಕೇಶ್ ಅದನ್ನು ತೋಟಕ್ಕೆ, ಸಂತೆಗೆ, ಮದುವೆಗೆ ಎಲ್ಲಕ್ಕೂ ಓಡಿಸಿದವರು, ವಾರಕ್ಕೊಮ್ಮೆ ತೊಳೆಯುವವರು, ಬೇರೆಯವರಿಗೆ ಮುಟ್ಟಲು ಕೊಡದವರು. ಆ ತಿಂಗಳು ಮಾತ್ರ ಅಂಗಳದ ಪಾಚಿಯಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಹಾಗಾಗಿ ಓಡಿಸುವ ಸರದಿ ನನ್ನದಾಯಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಲೈಸೆನ್ಸ್ ಹಳೆಯದೇ ಆದರೂ ಸಣ್ಣ ಕಾರಿನಲ್ಲಿ ಶಾಲೆಗೆ ಹೋಗಿ ಬರುವುದನ್ನು ಬಿಟ್ಟರೆ ಘಟ್ಟದ ದಾರಿಯಲ್ಲಿ ಓಡಿಸಿದವಳಲ್ಲ.

ಹಿಂದಿನ ಸೀಟಿನಲ್ಲಿ ಅಮ್ಮ ಕರಿಯ ಕನ್ನಡಕ ಹಾಕಿಕೊಂಡು ಕೂತಿದ್ದಳು. ಕಣ್ಣಿನ ಪೊರೆ ತೆಗೆಸಿ ಹೆಚ್ಚು ದಿನವಾಗಿರಲಿಲ್ಲ. ಕುಲುಕಾಟ ಬೇಡ, ಬಗ್ಗುವುದು ಬೇಡ ಎಂದಿದ್ದರು ಡಾಕ್ಟರು. "ಮಗಳ ಮನೇಲಿ ಹಾಲು ಉಕ್ಕೋದ ನೋಡ್ದೆ ಇದ್ಮೇಲೆ ಈ ಕಣ್ಣು ಯಾಕೆ ಮಾಡಿಸ್ಕಂಡೆ?" ಎಂದು ಅಮ್ಮ ಕೇಳಿದ ಮೇಲೆ ಅವಳನ್ನೂ ಕರೆದುಕೊಂಡು ಹೊರಟಿದ್ದೆವು.

ಶನಿವಾರಸಂತೆ ತಲುಪುವಷ್ಟರಲ್ಲಿ ನನ್ನ ತಾಳ್ಮೆಯ ಅರ್ಧ ಮುಗಿದಿತ್ತು. ಮಳೆಗಾಲ ಕಳೆದ ರಸ್ತೆ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗುಂಡಿ ಸಿಕ್ಕಿದಾಗಲೆಲ್ಲ ಮುಂದಿನ ಎಡಗಡೆ ಚಕ್ರದಿಂದ ಟಕ್ ಟಕ್ ಎಂದು ಸದ್ದು. ಬ್ರೇಕ್ ಒತ್ತಿದರೆ ಗಾಡಿ ಮೂಗು ನೆಲಕ್ಕೆ ತಾಗುವಂತೆ ಬಗ್ಗುತ್ತಿತ್ತು. ಬಿಟ್ಟರೆ ಎದ್ದು ಎರಡು ಸಲ ತಲೆದೂಗಿ ಆಮೇಲೆ ಸುಮ್ಮನಾಗುತ್ತಿತ್ತು. ಸ್ಟೀರಿಂಗ್ ಎಡಕ್ಕೇ ಎಳೆಯುತ್ತಿತ್ತು. ಪಕ್ಕದಲ್ಲಿ ಕೂತಾಗ ನಾನು ಎರಡು ವರ್ಷ ಬರೀ ಕೇಳಿದ್ದ ಸದ್ದು ಈಗ ಅಂಗೈಗೆ ಬಡಿಯುತ್ತಿತ್ತು.

"ಅದು ಜಾಕಿ ಕಣೆ. ಡಿಕ್ಕೀಲಿ ಜಾಕಿ ಅಲ್ಲಾಡ್ತದೆ," ಎಂದರು ಲೋಕೇಶ್.

"ಸದ್ದು ಮುಂದಿಂದ ಬರ್ತಿದೆ."

"ಮುಂದಿಂದ ಬಂದಂಗೆ ಕೇಳ್ತದೆ. ಬರೋದು ಹಿಂದಿಂದ."

ನಾನು ಗಾಡಿ ನಿಲ್ಲಿಸಿ, ಇಳಿದು, ಜಾಕಿ ತೆಗೆದು ಅವರ ಕಾಲ ಬುಡದಲ್ಲಿಟ್ಟೆ. ಮುಂದಿನ ಹಂಪಿನಲ್ಲಿ ಸದ್ದು ಮತ್ತೆ ಬಂತು. ಅವರು ಕಾಲಲ್ಲೇ ಜಾಕಿಯನ್ನು ಪಕ್ಕಕ್ಕೆ ತಳ್ಳಿ, "ಹಂಗಾದ್ರೆ ಬಾಗಿಲದು," ಎಂದರು.

ಸೋಮವಾರಪೇಟೆಯಲ್ಲಿ ನಾನು ಯಾರನ್ನೂ ಕೇಳದೆ ರಸ್ತೆ ಬದಿಯ ಒಂದು ಗ್ಯಾರೇಜಿಗೆ ಗಾಡಿ ತಿರುಗಿಸಿದೆ. ಮೆಕ್ಯಾನಿಕ್ ಅಶ್ರಫ್ ಮಲಯಾಳದಲ್ಲಿ ಫೋನಿನೊಡನೆ ಜಗಳವಾಡುತ್ತಲೇ ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿದ. "ಲಿಂಕ್ ರಾಡ್ ಹೋಗಿದೆ ಮೇಡಂ. ಕೈಯಲ್ಲೇ ಅಲ್ಲಾಡ್ತದೆ ನೋಡಿ," ಎಂದು ಮೊಳದುದ್ದದ ಒಂದು ಕಂಬಿಯನ್ನು ಅಲ್ಲಾಡಿಸಿ ತೋರಿಸಿದ. ತಿರುವಿನಲ್ಲಿ ಗಾಡಿ ಪಕ್ಕಕ್ಕೆ ವಾಲದಂತೆ ಹಿಡಿಯುವುದು ಅದರ ಕೆಲಸವಂತೆ. ಹೊಸದನ್ನು ಅಂಗಡಿಯಿಂದ ತರಿಸಿ ಹಾಕುವಷ್ಟರಲ್ಲಿ ಮಧ್ಯಾಹ್ನ ಹನ್ನೆರಡು ದಾಟಿತು. ಅಮ್ಮನನ್ನು ಎದುರಿನ ಹೋಟೆಲಿನ ಬೆಂಚಿನಲ್ಲಿ ಕೂರಿಸಿ ಇಡ್ಲಿ ಕೊಡಿಸಿದೆ.

"ಕೆಳಗಿನ ಬಾಲ್ ಜಾಯಿಂಟ್, ಚಕ್ರ ಹಿಡಿಯೋದೇ ಅದು, ಒಂದ್ಸಲ ಲಿವರ್ ಹಾಕಿ ನೋಡ್ಲಾ? ಚಕ್ರ ಬಿಚ್ಚಬೇಕು, ಒಂದು ಗಂಟೆ ಹಿಡೀತದೆ," ಎಂದ ಅಶ್ರಫ್.

"ನೋಡ್ಲಿ ಬಿಡ್ರೀ," ಎಂದೆ ನಾನು.

"ಸದ್ದು ನಿಂತ್ರೆ ಸಾಕಪ್ಪ. ವಾಪಸ್ ಬರೋವಾಗ ನೋಡುವ," ಎಂದು ಲೋಕೇಶ್ ಎಡಗೈಯಲ್ಲೇ ಬಾಗಿಲು ತೆರೆದು ಕೂತುಬಿಟ್ಟರು. ಅಶ್ರಫ್‌ನ ಫೋನು ಮತ್ತೆ ಹೊಡೆದುಕೊಂಡಿತು, ಅವನೂ ಒತ್ತಾಯ ಮಾಡಲಿಲ್ಲ.

ಸದ್ದು ನಿಜವಾಗಿಯೂ ನಿಂತಿತು. ಸೋಮವಾರಪೇಟೆಯಿಂದ ಮಾದಾಪುರದವರೆಗೆ, ಎರಡೂ ಬದಿ ಕಾಫಿ ಗಿಡಗಳಲ್ಲಿ ಕಾಯಿ ಆಗಲೇ ಹಳದಿಗೆ ತಿರುಗುತ್ತಿದ್ದ ಆ ದಾರಿಯಲ್ಲಿ, ಲೋಕೇಶ್ ಯಾವ ಮೆಕ್ಯಾನಿಕ್ಕೂ ಇಲ್ಲದೆ ತಾವೇ ಗಾಡಿ ರಿಪೇರಿ ಮಾಡಿದವರಂತೆ ಮಾತಾಡಿದರು. ಹಳೆಯ ಗಾಡಿಯ ಕಬ್ಬಿಣವೇ ಬೇರೆ, ಈಗಿನವು ತಗಡು, ಎಂದು ಅಮ್ಮನಿಗೆ ತಿಳಿಸಿದರು. ಅಮ್ಮ "ಹೂಂ" ಎನ್ನುತ್ತಿದ್ದಳು. ಕಣ್ಣು ಮುಚ್ಚಿಕೊಂಡಿದ್ದಳೋ ಏನೋ, ಕನ್ನಡಕದೊಳಗೆ ಕಾಣುತ್ತಿರಲಿಲ್ಲ.

ಮಾದಾಪುರ ದಾಟಿ ಏರು ಹಿಡಿದ ಮೇಲೆ ಸದ್ದು ಮರಳಿ ಬಂತು. ಟಕ್ ಟಕ್ ಅಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ 'ಕಟಕ್' ಎಂದು ಒಂದೇ ಒಂದು ಏಟು, ಯಾರೋ ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದಂತೆ. ಲೋಕೇಶ್ ಮಾತು ನಿಲ್ಲಿಸಿ ಸ್ಟೀರಿಯೋ ಹಾಕಿದರು. ನಾನು ಆರಿಸಿದೆ. ಅವರು ಮತ್ತೆ ಹಾಕಿದರು. ನಾನು ಮತ್ತೆ ಆರಿಸಿದೆ.

ತಿರುವಿನಲ್ಲಿ ಗಾಡಿ ಒಂದು ಪಕ್ಕಕ್ಕೆ ಪೂರ್ತಿ ಮಲಗಿ, ಮುಂದಿನ ತಿರುವಿನಲ್ಲಿ ಇನ್ನೊಂದು ಪಕ್ಕಕ್ಕೆ ಹೊರಳುತ್ತಿತ್ತು. ಹಿಂದೆ ಕೊಳಗಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು.

"ದೋಣೀಲಿ ಕೂತಂಗಾಯ್ತದೆ ಕಣವ್ವ ಸುಮಾ," ಎಂದಳು ಅಮ್ಮ, ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡಿದು.

"ಶಾಕ್ ಅಬ್ಸಾರ್ಬರ್‌ದು ಎಣ್ಣೆ ಸೋರ್ತಾ ಅದೆ ಅತ್ತೆ, ಅಷ್ಟೇ. ಬೇಸಿಗೇಲಿ ಹಾಕಿಸ್ತೀನಿ," ಎಂದರು ಲೋಕೇಶ್.

"ಅಂದ್ರೆ ನಿಮಗೆ ಗೊತ್ತಿತ್ತು," ಎಂದೆ.

"ಗೊತ್ತಿರೋದು ಬೇರೆ, ಕೆಟ್ಟಿರೋದು ಬೇರೆ."

ಮಡಿಕೇರಿ ಬರುವವರೆಗೂ ಒಂದು ಕೈಯನ್ನು ಸ್ಟೀರಿಯೋದ ಗುಂಡಿಯ ಹತ್ತಿರವೇ ಇಟ್ಟುಕೊಂಡು ಓಡಿಸಿದೆ.

ಮಡಿಕೇರಿಯಲ್ಲಿ ಮಂಜು ಇಳಿದಿತ್ತು. ವಾರದ ಕೊನೆಯಾದ್ದರಿಂದ ಊರ ತುಂಬ ಪ್ರವಾಸಿಗರ ಗಾಡಿಗಳು. ಗ್ಯಾರೇಜಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲ್ಲಿಯ ಮೇಸ್ತ್ರಿ ಬಾಗಿ ಚಕ್ರದ ಒಳಬದಿಗೆ ಕೈ ಹಾಕಿ, "ಟಯರು ಒಳಗಡೆ ತಂತಿ ಬರೋವರ್ಗೂ ಸವೆದಿದೆ. ಹೀಗೆ ಸವೀಬೇಕಾದ್ರೆ ಕೆಳಗೆ ಏನೋ ಲೂಸಿದೆ. ಬಿಟ್ಟು ಹೋಗಿ, ಸೋಮವಾರ ನೋಡ್ತೇನೆ," ಎಂದರು.

"ಸೋಮವಾರ!" ಎಂದರು ಲೋಕೇಶ್. "ನಾಳೆ ಬೆಳಗ್ಗೆ ಗೃಹಪ್ರವೇಶ. ಇನ್ನು ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೆ."

"ನಿಮ್ಮಿಷ್ಟ," ಎಂದು ಮೇಸ್ತ್ರಿ ಇನ್ನೊಂದು ಗಾಡಿಯ ಅಡಿಗೆ ಹೋದರು.

ನಾನು ಅಮ್ಮನನ್ನು ಇಳಿಸಿದೆ. ಬಸ್ಸಿನಲ್ಲಿ ಕಳಿಸುತ್ತೇನೆ ಎಂದಾಗ ಲೋಕೇಶರ ಮುಖ ನೋಡಬೇಕಿತ್ತು. "ನನ್ನ ಗಾಡಿ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಎಂದರು. "ಅಮ್ಮನ ಕಣ್ಣಿನ ಮೇಲೆ ಆಸೆ ಇದೆ," ಎಂದೆ. ಅಮ್ಮನದು ಬೇರೆಯೇ ಹಟ. ಖಾಸಗಿ ಬಸ್ಸು ಎದುರಿಗೇ ಹೊರಟು ನಿಂತಿದ್ದರೂ ಹತ್ತಲೊಲ್ಲಳು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ! ಆಧಾರ್ ಕಾರ್ಡನ್ನು ಕೈಯಲ್ಲೇ ಹಿಡಿದು ಸರ್ಕಾರಿ ಬಸ್ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಕಾಯಿಸಿದಳು. ಕೊನೆಗೂ ಕೆಂಪು ಬಸ್ಸು ಬಂತು. ಕಂಡಕ್ಟರಿಗೆ ಕಣ್ಣಿನ ವಿಷಯ ಹೇಳಿ ಮುಂದಿನ ಸೀಟಿನಲ್ಲಿ ಕೂರಿಸಿದೆ, ನಾಪೋಕ್ಲಿನಲ್ಲಿ ಇಳಿಸಿಕೊಳ್ಳಲು ಗೀತಾಳಿಗೆ ಫೋನು ಮಾಡಿದೆ.

ಆಮೇಲೆ ನಾನೇಕೆ ಮತ್ತೆ ಆ ಗಾಡಿ ಹತ್ತಿದೆ ಎಂದು ಗೀತಾ ಈಗಲೂ ಕೇಳುತ್ತಾಳೆ. ಗ್ರೈಂಡರ್ ಇತ್ತು, ಅಕ್ಕಿ ಇತ್ತು, ಮಾರನೆಯ ದಿನದ ಅಡುಗೆ ಆ ಕೊಳಗಗಳಲ್ಲೇ ಆಗಬೇಕಿತ್ತು. ಬಾಡಿಗೆ ಪಿಕಪ್ಪಿಗೆ ಕೇಳಿದೆವು. ಶನಿವಾರ ಸಂಜೆ ಯಾರೂ ಸಿಗಲಿಲ್ಲ. ನಾನು ಬರುವುದಿಲ್ಲ ಎಂದರೆ ಲೋಕೇಶ್ ಮುರಿದ ಕೈಯಲ್ಲೇ ಓಡಿಸುತ್ತಾರೆಂದು ನನಗೆ ಗೊತ್ತಿತ್ತು. ಕೀಲಿಕೈ ಆಗಲೇ ಅವರ ಎಡಗೈಯಲ್ಲಿತ್ತು. ಕಿತ್ತುಕೊಂಡೆ.

ಮೂರ್ನಾಡಿನ ದಾರಿ ಹಿಡಿದು ಎರಡನೇ ಗೇರಿನಲ್ಲೇ ಹೋದೆ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ದಾಟಿ ಹೋದರು. ಒಬ್ಬ ಬೈಕಿನವನು ತಿರುಗಿ ನೋಡಿ ನಕ್ಕ. "ಮೂರನೇದಕ್ಕೆ ಹಾಕು, ಇಂಜಿನ್ ಬಿಸಿಯಾಗ್ತದೆ," ಎಂದರು ಲೋಕೇಶ್. ಹಾಕಲಿಲ್ಲ. ಮೂರ್ನಾಡಿನಲ್ಲಿ ನಿಲ್ಲಿಸಿ ಕಾಫಿ ಕುಡಿದೆವು. ಬಿಸ್ಕತ್ತಿನ ಪೊಟ್ಟಣ ಒಡೆಯಲು ಒಂದು ಕೈಯಲ್ಲಿ ಅವರು ಒದ್ದಾಡುತ್ತಿದ್ದರು, ಒಡೆದುಕೊಟ್ಟೆ.

ಅಲ್ಲಿಂದ ಸ್ವಲ್ಪ ದೂರ ಹೋದ ಮೇಲೆ ಒಂದು ಇಳಿಜಾರು, ಬಲಕ್ಕೆ ತಿರುವು. ಎಡಬದಿಗೆ ಆಳೆತ್ತರ ಜರಿಗಿಡ, ಲಂಟಾನ ಹಬ್ಬಿ ರಸ್ತೆಯ ಅಂಚೇ ಕಾಣುತ್ತಿರಲಿಲ್ಲ. ನಾನು ಬ್ರೇಕ್ ಒತ್ತಿ ಸ್ಟೀರಿಂಗ್ ತಿರುಗಿಸಿದೆ. ಕಟಕ್ ಎನ್ನಲಿಲ್ಲ. ದೊಡ್ಡ ಕೊಂಬೆ ಮುರಿದಂಥ ಸದ್ದಾಗಿ ಗಾಡಿಯ ಎಡಮೂಲೆ ದೊಪ್ಪನೆ ಕುಸಿಯಿತು. ಸ್ಟೀರಿಂಗ್ ನನ್ನ ಕೈಯಲ್ಲಿ ಹಗುರವಾಗಿ ತಿರುಗುತ್ತಿತ್ತು, ಗಾಡಿ ಮಾತ್ರ ತಿರುಗಲಿಲ್ಲ. ಕಬ್ಬಿಣ ಡಾಂಬರನ್ನು ಕೆರೆಯುವ ಕರ್ಕಶ ಸದ್ದು, ಹಿಂದಿನಿಂದ ತೆಂಗಿನಕಾಯಿಗಳು ಉರುಳಿ ಬಂದವು. ಎರಡೂ ಕಾಲಲ್ಲಿ ಬ್ರೇಕ್ ಮೆಟ್ಟಿದೆ. ಜರಿಗಿಡಕ್ಕೆ ಮೂಗು ತೂರಿಸಿ ಗಾಡಿ ನಿಂತಿತು.

ಲೋಕೇಶರ ಕಡೆಯ ಬಾಗಿಲು ಗಿಡಗಳಿಗೆ ಒತ್ತಿಕೊಂಡು ತೆರೆಯಲಿಲ್ಲ. ಪ್ಲಾಸ್ಟರ್ ಕೈ ಎತ್ತಿ ಹಿಡಿದು ನನ್ನ ಸೀಟಿನ ಮೇಲೆ ತೆವಳಿಕೊಂಡು ಬಂದರು. ಇಳಿದು ನೋಡಿದರೆ ಮುಂದಿನ ಎಡಚಕ್ರ ಮುರಿದ ಪಾದದಂತೆ ಹೊರಕ್ಕೆ ಮಲಗಿತ್ತು.

ಹಿಂದಿನಿಂದ ಒಂದು ಜೀಪು ಬಂದು ನಿಂತಿತು. ತೋಟದ ಕೆಲಸ ಮುಗಿಸಿ ಲೈನ್ ಮನೆಗಳಿಗೆ ಮರಳುತ್ತಿದ್ದ ಹೆಂಗಸರು ಅದರಲ್ಲಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪೊನ್ನಪ್ಪ ಎಂಬವರು ಇಳಿದು ಬಂದು, ಹಿಂದೆ ಬರುವ ಗಾಡಿಗಳಿಗೆ ಎಚ್ಚರಿಕೆಯಾಗಲೆಂದು ಮೊದಲು ಸೊಪ್ಪು ಮುರಿದು ರಸ್ತೆಗೆ ಹಾಕಿಸಿದರು.

"ಬಾಲ್ ಜಾಯಿಂಟ್ ಕಳಚಿದೆ ಅಲ್ಲ? ಇನ್ನು ಇದು ಒಂದು ಅಡಿ ಹೋಗುದಿಲ್ಲ ಸಾರ್. ಸಾಮಾನು ನಮ್ಮ ಜೀಪಿಗೆ ಹಾಕಿ, ನಾನು ಬಿಡ್ತೇನೆ," ಎಂದರು.

ಲೋಕೇಶ್ ರಸ್ತೆಯ ಕಡೆಯಿಂದ ಚಕ್ರಕ್ಕೆ ಇಣುಕುತ್ತ ಕುಕ್ಕರಗಾಲಲ್ಲಿ ಕೂತಿದ್ದರು. "ನಿಮ್ಮತ್ರ ಹಗ್ಗ ಇದೆಯಾ?" ಎಂದು ಕೇಳಿದರು.

"ಯಾಕೆ?"

"ಚಕ್ರ ಎಳೆದು ಕಟ್ಟಿದ್ರೆ, ನಿಧಾನಕ್ಕೆ ನಾಪೋಕ್ಲುವರ್ಗೂ..."

ಅಲ್ಲಿಯವರೆಗೆ ತಡೆದುಕೊಂಡಿದ್ದೆ. ಅಷ್ಟು ಜನರ ಮುಂದೆ ನಾನು ಗಂಡನ ಮೇಲೆ ಕೂಗಾಡಿದ್ದು ಅದೇ ಮೊದಲು. "ಎರಡು ವರ್ಷದಿಂದ ಸದ್ದು ಬರ್ತಿದೆ ಅಂತ ಹೇಳ್ದೆ, ನೀವು ಸ್ಟೀರಿಯೋ ಜೋರು ಮಾಡಿದ್ರಿ! ಹಗ್ಗ ಬೇಕಾ? ಕಟ್ಕೊಳಿ! ಕಟ್ಕೊಂಡು ನೀವೇ ಓಡಿಸ್ಕೊಂಡು ಹೋಗಿ, ಒಂದೇ ಕೈಲಿ! ನಾನು ಈ ಅಕ್ಕಂದಿರ ಜೊತೆ ಹೋಗ್ತೀನಿ!"

ಜೀಪಿನ ಹೆಂಗಸರು ಆಗಲೇ ಸರಿದು ನನಗೆ ಜಾಗ ಮಾಡಿದ್ದರು. ಒಬ್ಬಳು ತಮಿಳಿನಲ್ಲಿ ಏನೋ ಹೇಳಿ ನನ್ನ ಬೆನ್ನು ಸವರಿದಳು. ಅರ್ಥವಾಗದಿದ್ದರೂ ಅಳು ಬಂತು. ಗ್ರೈಂಡರ್ ಜೀಪಿಗೇರಿತು. ಕೊನೆಗೆ ಲೋಕೇಶ್ ಗಾಡಿಯ ಬಾಗಿಲುಗಳನ್ನು ಒಂದೊಂದೇ ಎಳೆದು ನೋಡಿ ಬೀಗ ಹಾಕಿ, ಬಾಳೆಗೊನೆ ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತರು.

ಅಮ್ಮ ನಮಗಿಂತ ಮೊದಲೇ ತಲುಪಿ, ಹೊಸ ಮನೆಯ ಜಗಲಿಯಲ್ಲಿ ಕೂತು ಮಾವಿನೆಲೆ ಆರಿಸುತ್ತಿದ್ದಳು. "ಗಾಡಿ ಕೆಟ್ಟೋಯ್ತು," ಎಂದಷ್ಟೇ ಹೇಳಿದೆವು. "ಒಳ್ಳೇದಾಯ್ತು ಬಿಡು, ಬಸ್ನಲ್ಲಿ ಬರ್ಬೋದಿತ್ತು ಎಲ್ರೂ," ಎಂದಳು. ಬೆಳಗಿನ ಜಾವ ಹೊಸ ಒಲೆಯಲ್ಲಿ ಹಾಲು ಪೂರ್ವದ ಕಡೆಗೇ ಉಕ್ಕಿತು. ಅಮ್ಮ ಕನ್ನಡಕ ತೆಗೆದು ನೋಡಿದಳು, ಗೀತಾ ಬೈದು ಮತ್ತೆ ಹಾಕಿಸಿದಳು. ಲೋಕೇಶ್ ಬೆಳಗಿನ ತಿಂಡಿಗೆ ಕೂರಲಿಲ್ಲ. ಗಾಡಿ ಎತ್ತಿಕೊಂಡು ಹೋಗಲು ಕ್ರೇನಿನವರು ಬಂದಾಗ ನನ್ನ ತಂಗಿಯ ಗಂಡನ ಬೈಕಿನಲ್ಲಿ ಹೋಗಿ, ಮಧ್ಯಾಹ್ನ ಮರಳಿ ಬಂದರು. ಏನಾಯಿತೆಂದು ಕೇಳಿದೆ. "ತಗಂಡೋದ್ರು," ಎಂದರು. ಎಲೆಯ ಮೇಲಿನ ಪಾಯಸ ಹಾಗೇ ಬಿಟ್ಟರು. ಗಾಡಿಯ ದುಃಖವೆಂದು ತಿಳಿದು ನನಗೆ ಇನ್ನಷ್ಟು ಸಿಟ್ಟು ಬಂತು.

ಸೋಮವಾರ ಶಾಲೆಯಿತ್ತು. ಹಾಗಾಗಿ ಭಾನುವಾರ ಮೂರರ ಸರ್ಕಾರಿ ಬಸ್ಸಿಗೆ ಹೊರಟೆವು. ಅಮ್ಮನಿಗೂ ನನಗೂ ಟಿಕೆಟ್ ಇಲ್ಲ, ಲೋಕೇಶರಿಗೆ ಮಾತ್ರ. ಅಮ್ಮ ಬಲಗಡೆಯ ಕಿಟಕಿ ಹಿಡಿದಳು, ಪಕ್ಕದಲ್ಲಿ ನಾನು, ನಮ್ಮ ಹಿಂದೆ ಅವರು. ಬಸ್ಸಿನ ಕುಲುಕಾಟವೂ ಏನು ಕಡಿಮೆಯಿರಲಿಲ್ಲ.

ಗಾಡಿ ಕುಸಿದಿದ್ದ ಆ ತಿರುವಿನಲ್ಲಿ ಎದುರಿಂದ ಲಾರಿ ಬಂದು ನಮ್ಮ ಬಸ್ಸು ನಿಂತಿತು. ಚಕ್ರದ ಹತ್ತಿರ ಕೆಲಸ ಮಾಡಲೆಂದು ಕ್ರೇನಿನವರು ಜರಿಗಿಡ, ಲಂಟಾನ ಎಲ್ಲ ಕಡಿದು ಹಾಕಿದ್ದರು. ಹಿಂದಿನ ದಿನ ನಾನು ಕಾಣದಿದ್ದ ಅಂಚು ಈಗ ಬಿಸಿಲಿನಲ್ಲಿ ಚೊಕ್ಕವಾಗಿ ಕಾಣುತ್ತಿತ್ತು. ಅಂಚಿನಾಚೆ ನೆಲವಿರಲಿಲ್ಲ. ಸಿಲ್ವರ್ ಓಕ್ ಮರಗಳ ತುದಿ, ಅವುಗಳ ಕೆಳಗೆ ಎಲ್ಲೋ ಆಳದಲ್ಲಿ ಹಸಿರು ಗದ್ದೆ. ಡಾಂಬರಿನ ಮೇಲೆ ಉದ್ದಕ್ಕೂ ಒಂದು ಬಿಳಿ ಗೀರು. ರಸ್ತೆಯ ನಡುವಿನಿಂದ ಶುರುವಾಗಿ, ಪಕ್ಕಕ್ಕೆ ಬಾಗಿ, ಆ ಅಂಚಿಗೆ ಒಂದು ಮೊಳ ಇರುವಾಗ ನಿಂತುಹೋಗಿತ್ತು.

ತಿರುಗಿ ನೋಡಿದೆ. ಲೋಕೇಶ್ ಗೀರನ್ನು ನೋಡುತ್ತಿರಲಿಲ್ಲ, ಬೆಳಗ್ಗೆಯೇ ನೋಡಿದ್ದರು. ಅವರು ನನ್ನನ್ನು ನೋಡುತ್ತಿದ್ದರು.

ಅಮ್ಮ ಹೊಸ ಕಣ್ಣಿನಿಂದ ಕಿಟಕಿಯಾಚೆ ಬಾಗಿ ಕೇಳಿದಳು: "ಅದ್ಯಾರೇ ಅದು, ರಸ್ತೆ ಮೇಲೆ ಹಿಂಗೆ ಗೆರೆ ಎಳ್ದಿರೋರು?"

ಹಿಂದಿನ ಸೀಟಿನಿಂದ ಲೋಕೇಶ್ ಮೆಲ್ಲಗೆ, "ನಾನೇ ಅತ್ತೆ," ಎಂದರು.

ಬಸ್ಸು ಹೊರಟಿತು.