ಸ್ಲೇವ್ ಅನ್ನೋ ಹೆಸರು ಕಿತ್ತಾಕಿದ ಶನಿವಾರ

ಸಿಂಗಾಪುರದ ಚಾಂಗಿ ಬಿಸಿನೆಸ್ ಪಾರ್ಕ್‌ನ ನಮ್ಮ ಆಫೀಸಲ್ಲಿ ಮೇನ್ ಸರ್ವರ್‌ಗೆ ಮಾಸ್ಟರ್, ಅದನ್ನ ಕಾಪಿ ಮಾಡೋ ಸರ್ವರ್‌ಗೆ ಸ್ಲೇವ್ ಅಂತಾನೇ ಹೆಸರು! ಜಮೈಕಾದಿಂದ ಹೊಸದಾಗಿ ಟೀಮ್‌ಗೆ ಬಂದ ಮಾರ್ಶಾ ಅದನ್ನ ನೋಡಿ, "ನಮ್ಮ ಹಿರೀಕರನ್ನ ಆಫ್ರಿಕಾದಿಂದ ಹಡಗಲ್ಲಿ ತುಂಬ್ಕೊಂಡು ಬಂದು ಕಬ್ಬಿನ ತೋಟಕ್ಕೆ ಮಾರಿದ್ರು. ಆ ತೋಟದ ಧಣಿಯ ಸರ್‌ನೇಮೇ ಇವತ್ತಿಗೂ ನಂದು," ಅಂದ್ಲು.

ನಂಗೆ ತಡ್ಕೊಳಕ್ಕಾಗ್ಲಿಲ್ಲ. ಸೀದಾ ಮ್ಯಾನೇಜರ್ ಹತ್ರ ಹೋಗಿ, "ಸರ್ವರ್‌ಗಳ ಹೆಸರು ಚೇಂಜ್ ಮಾಡ್ತೀನಿ," ಅಂದೆ.

"ಸಿಸ್ಟಮ್ ಬಿದ್ರೆ ಬೆಂಗಳೂರಿಗೆ ವಾಪಸ್ ಟಿಕೆಟ್ ಬುಕ್ ಮಾಡ್ಕೋ ಲಾ!" ಅಂತ ಮ್ಯಾನೇಜರ್ ಸಿಂಗಾಪುರದವರ ಥರ ಕೊನೆಗೊಂದು 'ಲಾ' ಸೇರಿಸಿ ಎಚ್ಚರಿಸಿದ್ರು.

ಶನಿವಾರ ನಾನೂ ಮಾರ್ಶಾನೂ ಕೂತು ಸ್ಕ್ರಿಪ್ಟ್ ಬರೆದು, ಎಲ್ಲಾ ಕಡೆ ಮಾಸ್ಟರ್‌ನ ಪ್ರೈಮರಿ, ಸ್ಲೇವ್‌ನ ರೆಪ್ಲಿಕಾ ಅಂತ ಬದಲಾಯಿಸಿ, ರೀಸ್ಟಾರ್ಟ್ ಹೊಡೆದ್ವಿ. ಒಂದೇ ಒಂದು ಎರರ್ ಬರ್ಲಿಲ್ಲ! ನಾನು ಕುರ್ಚಿ ಹತ್ತಿ ಕುಣಿದುಬಿಟ್ಟೆ.

ಮಾರ್ಶಾ ಹೈ-ಫೈವ್ ಕೊಟ್ಟು ನಕ್ಲು. "ಇನ್ನು ನನ್ನ ಸರ್‌ನೇಮ್ ಒಂದು ಉಳೀತು. ಅದಕ್ಕೂ ಸ್ಕ್ರಿಪ್ಟ್ ಬರೀತೀಯಾ?"